ಮೂರನೇ ಹಾಡಿನ ಮೊದಲ ನಾಲ್ಕು ನಿಮಿಷ

ಸಕಲೇಶಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಾನು ಮೂವತ್ತೆರಡು ವರ್ಷ ಹಾಡು ಮಾರಿದೆ. ಕ್ಯಾಸೆಟ್ಟಿನಲ್ಲಿ ಮಾರಿದೆ, ಸೀಡಿಯಲ್ಲಿ ಮಾರಿದೆ, ಕೊನೆಕೊನೆಗೆ ಕಿರುಬೆರಳಿನ ಉಗುರಿನಷ್ಟಿರುವ ಮೆಮೊರಿ ಕಾರ್ಡಿಗೆ ತುಂಬಿಸಿ ಮಾರಿದೆ. ಅಂಗಡಿ ಮುಚ್ಚಿ ನಾಲ್ಕು ವರ್ಷವಾಯಿತು. ಈಗ ಅದೇ ಜಾಗದಲ್ಲಿ ಮೊಬೈಲಿಗೆ ಗಾಜು ಅಂಟಿಸಿಕೊಡುತ್ತಾರೆ.

ಹೋದ ತಿಂಗಳು ಸಹನಾ ಎಂಬ ಹುಡುಗಿ ಮನೆಗೆ ಬಂದಿದ್ದಳು. ಅವಳೂ ಅವಳ ಗಂಡನೂ ಹೆದ್ದಾರಿ ಬದಿಯಲ್ಲಿ ಒಂದು ಕಾಫಿ ಅಂಗಡಿ ತೆರೆಯುತ್ತಿದ್ದಾರೆ. ಬಂದವರಿಗೆ ಕಾಫಿಯ ಜೊತೆಗೆ ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸುತ್ತಾರಂತೆ. ಅದೂ ಎಲ್ಲರಿಗೂ ಗೊತ್ತಿರುವ ಹಾಡಲ್ಲ, ಯಾರೂ ಕೇಳದ್ದು, ಕೇಳಿದರೆ ಇದೇನಪ್ಪಾ ಅನ್ನಿಸುವಂಥದ್ದು.

"ಯಾರ್ಗೆ ಏನು ಕೇಳಿಸ್ಬೇಕು ಅಂತ ನಿಮ್ಗೆ ಗೊತ್ತು ಅಂಕಲ್. ಅದನ್ನ ಬರ್ದು ಕೊಡಿ" ಅಂದಳು. "ಮೊದ್ಲು ‘ಹಿಂದಿನ ಎಂಜಿನ್’ ಆಲ್ಬಮ್ ಬಗ್ಗೆ ಬರೀರಿ. ಅದನ್ನ ಈ ಊರಿಗೆಲ್ಲ ಮುಟ್ಟಿಸಿದ್ದು ನೀವೇ ಅಂತೆ."

ಅವಳು ಹೊಗಳಿದ್ದು. ಆ ಆಲ್ಬಮ್ ಹುಟ್ಟಿದ್ದು ಒಬ್ಬ ಮನುಷ್ಯನಿಗಾಗಿ. ಊರಿಗೆಲ್ಲ ಮುಟ್ಟಿಸಿದ ನಾನು ಆ ಒಬ್ಬನಿಗೆ ಮಾತ್ರ ಮುಟ್ಟದ ಹಾಗೆ ಮಾಡಿದೆ. ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದರಿಂದ ಬರೆಯುತ್ತಿದ್ದೇನೆ. ಸಹನಾ, ನೀನು ಕೇಳಿದ್ದು ಇದಲ್ಲ ಎಂದು ಗೊತ್ತು. ಆದರೂ ಓದು.

ನಾನು ಕೆಲಸ ಕಲಿತದ್ದು ಶಿವಣ್ಣನವರ ಹತ್ತಿರ. ಅಂಗಡಿ ಅವರದು, ಆಮೇಲೆ ನನ್ನ ಕೈಗೆ ಬಂತು, ಆ ಕತೆ ಇಲ್ಲಿ ಬೇಡ. ಶಿವಣ್ಣ ಹಣೆ ತುಂಬ ವಿಭೂತಿ ಇಟ್ಟುಕೊಂಡು ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆಯುವವರು. ಆಗೆಲ್ಲ ಜನ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಂಡು ಬರುತ್ತಿದ್ದರು. ಆ ಹಾಡುಗಳನ್ನೆಲ್ಲ ಹುಡುಕಿ ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವುದು ನನ್ನ ಕೆಲಸ. ಕಾನೂನಿಗೆ ಅದು ಸರಿಯಿರಲಿಲ್ಲ, ಸರಿಯೆಂದು ವಾದಿಸುವುದೂ ಇಲ್ಲ. ಎಲ್ಲ ಊರಲ್ಲೂ ಮಾಡುತ್ತಿದ್ದರು, ನಾವೂ ಮಾಡಿದೆವು.

ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ. ಐದೋ ಆರೋ ಹಾಡು ಹಾಕಿದರೆ ಕೊನೆಯಲ್ಲಿ ಎರಡು ಮೂರು ನಿಮಿಷ ಉಳಿಯುತ್ತಿತ್ತು, ಇನ್ನೊಂದು ಹಾಡಿಗೆ ಸಾಲುತ್ತಿರಲಿಲ್ಲ. ಈ ಉಳಿದ ಜಾಗದ ಬಗ್ಗೆ ಶಿವಣ್ಣನವರದು ಒಂದೇ ಹಟ.

"ಖಾಲಿ ಬುಟ್ರೆ ಗಿರಾಕಿ ಮೋಸ ಆಯ್ತು ಅಂತಾನೆ ಕಣೋ ಮಂಜ. ಏನಾರ ತುಂಬು. ಅರ್ಧ ನಿಮಿಷನೂ ಸುಮ್ನೆ ಸುತ್ತಬಾರ್ದು."

ಅವರು ಆ ಜಾಗಕ್ಕೆ ಕೊಳಲು ತುಂಬುತ್ತಿದ್ದರು. ನಾನು ಬೇರೆ ದಾರಿ ಹಿಡಿದೆ. ಮಂಗಳೂರಿನಿಂದ ಬರುವ ಲಾರಿ ಡ್ರೈವರೊಬ್ಬ ಬಂದರಿನ ಕಡೆ ಸಿಕ್ಕ ಹೊರದೇಶದ ಟೇಪುಗಳನ್ನು ತಂದು ಕೊಡುತ್ತಿದ್ದ. ಮೇಲೆ ಕಾಗದದ ಕವರಿಲ್ಲ, ಹಾಡಿದವರ ಹೆಸರಿಲ್ಲ. ಗಿಟಾರನ್ನು ಕಲ್ಲಿಗೆ ಉಜ್ಜಿದ ಹಾಗೆ, ತಗಡಿನ ಡಬ್ಬ ಮೆಟ್ಟಿಲಲ್ಲಿ ಉರುಳಿದ ಹಾಗೆ ಸದ್ದು. ಮೊದಲ ಸಲ ಕೇಳಿದಾಗ ಟೇಪು ಕೆಟ್ಟಿದೆ ಅಂದುಕೊಂಡಿದ್ದೆ. ಮೂರನೇ ಸಲ ಕೇಳಿದ ಮೇಲೆ ಮಿಕ್ಕ ಹಾಡುಗಳೆಲ್ಲ ಸಪ್ಪೆಯಾದವು. ಉಳಿದ ಎರಡು ನಿಮಿಷಕ್ಕೆ ಅದರಿಂದ ಒಂದು ತುಂಡು ತುಂಬಿಸಲು ಶುರುಮಾಡಿದೆ, ಶಿವಣ್ಣನವರಿಗೆ ಹೇಳದೆ.

ಹತ್ತು ಜನರಲ್ಲಿ ಒಂಬತ್ತು ಜನ ಏನೂ ಅನ್ನುತ್ತಿರಲಿಲ್ಲ. ಒಂದು ದಿನ ಆಲೂರು ಕಡೆಯ ಎಸ್ಟೇಟಿನ ರೈಟರೊಬ್ಬರು ಬಂದು ಕೌಂಟರಿನ ಮೇಲೆ ಮೊಣಕೈ ಊರಿ ನಿಂತರು. ಎಸ್ಟೇಟಿನ ಹಾಜರಿ, ಲೆಕ್ಕ ಬರೆಯುವ ಮನುಷ್ಯ, ಮಾತು ಕಡಿಮೆ.

"ಮಂಜಣ್ಣ, ಕ್ಯಾಸೆಟ್ ಕೊನೇಲಿ ಏನೋ ಹಾಕಿದ್ರಲ್ಲ. ಹೆಂಗಸೊಬ್ಳು ಜಗಳ ಆಡ್ದಂಗೆ, ಹಿಂದೆ ತಗಡು ಬಡ್ದಂಗೆ. ಏನ್ರೀ ಅದು?"

"ಚೆನ್ನಾಗಿಲ್ವಾ?"

"ಚೆನ್ನಾಗೈತೋ ಇಲ್ವೋ ನಂಗೊತ್ತಿಲ್ಲ ಮಾರಾಯ. ಎಲ್ಡು ದಿನದಿಂದ ತಲೇಲೇ ಕೂತೈತೆ. ಪೂರ್ತಿ ಇದ್ರೆ ಕೊಡಿ ಅತ್ಲಾಗೆ."

ಕುತೂಹಲದ ಕೇಳುಗ ಎಂದರೆ ಇವನೇ. ಇಷ್ಟವಾಯಿತು ಅನ್ನುವವನಲ್ಲ, ಬಿಟ್ಟುಹೋಗುತ್ತಿಲ್ಲ ಅನ್ನುವವನು. ಅಂಥವರಿಗಾಗಿ ನಾನು ಒಂದು ಪುಸ್ತಕದಲ್ಲಿ ಹೆಸರು ಬರೆದಿಟ್ಟುಕೊಂಡೆ. ಈ ಬೆಟ್ಟಗಳ ನಡುವೆ ಅಂಥವರು ಮೂವತ್ತು ನಲವತ್ತು ಜನ ಸಿಕ್ಕರು. ಪೋಸ್ಟ್‌ಮನ್, ಬೇಕರಿಯವರು, ಒಬ್ಬರು ಸಂಸ್ಕೃತ ಮೇಷ್ಟ್ರು.

ಎಡವಟ್ಟುಗಳೂ ಆದವು. ಶಿವಣ್ಣನವರ ನೆಂಟರೊಬ್ಬರ ಗೃಹಪ್ರವೇಶಕ್ಕೆ ಭಕ್ತಿಗೀತೆಗಳ ಕ್ಯಾಸೆಟ್ ಬೇಕು ಅಂದರು. ತುಂಬಿಸಿದೆ, ಕೊನೆಗೆ ಅಭ್ಯಾಸಬಲದಿಂದ ಲಾರಿಯವನ ಟೇಪಿನ ತುಂಡೊಂದನ್ನು ಹಾಕಿದೆ. ಹೊಸ ಮನೆಗೆ ಮೊದಲು ಹಸುವನ್ನು ಒಳಗೆ ಬಿಡುತ್ತಾರಲ್ಲ, ಸರಿಯಾಗಿ ಅದು ಹೊಸ್ತಿಲ ಮೇಲೆ ಕಾಲಿಟ್ಟಾಗ ಸ್ಪೀಕರ್ ಬಾಕ್ಸಿನಿಂದ ಗಿಟಾರು ಕಿರುಚಿತು. ಹಸು ಹಿಡಿದವನನ್ನು ಎಳೆದುಕೊಂಡೇ ಗದ್ದೆಗೆ ಓಡಿತು. ಕರೆತರುವಷ್ಟರಲ್ಲಿ ಮುಹೂರ್ತ ಮೀರಿತ್ತು. ಶಿವಣ್ಣ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಟೀ ತರಿಸಿ ಹೇಳಿದರು.

"ನೀನು ಅದನ್ನ ಹಾಕಿದ್ದು ತಪ್ಪಲ್ಲ ಕಣೋ. ಯಾರ್ಗೆ, ಎಲ್ಲಿ ಕೇಳ್ತಾರೆ ಅಂತ ಕೇಳ್ದೆ ಹಾಕ್ದೆಯಲ್ಲ, ಅದು ತಪ್ಪು."

ಈ ಕೆಲಸದಲ್ಲಿ ನಾನು ಕೇಳಿದ ಅತಿ ದೊಡ್ಡ ಮಾತು ಅದೇ. ಆಮೇಲಿನ ವರ್ಷಗಳಲ್ಲಿ ಯಾರಿಗೆ ಏನು ಕೊಡುವ ಮೊದಲೂ ಕೇಳುತ್ತಿದ್ದೆ. ಎಲ್ಲಿ ಕೂತು ಕೇಳ್ತೀರಿ, ಆಗ ಕೈ ಏನು ಮಾಡ್ತಿರುತ್ತೆ, ಮನೇಲಿ ಮತ್ತೆ ಯಾರಿರ್ತಾರೆ ಎಂದೆಲ್ಲ. ಸಹನಾ, ನೀನೂ ಇದನ್ನು ಕೇಳು. ‘ಚೆನ್ನಾಗಿದೆ’ ಎಂದು ಎಂದೂ ಹೇಳಬೇಡ, ಆ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಒಂದು ಜಾಗ ತೋರಿಸು. ಎರಡನೇ ಹಾಡಿನಲ್ಲಿ ಡ್ರಮ್ ನಿಲ್ಲುವ ಕಡೆ ಕಿವಿಗೊಟ್ಟು ಕೇಳಿ ಬಂದು ಹೇಳಿ ಅನ್ನು. ಮನುಷ್ಯ ಆ ಜಾಗ ಹುಡುಕುತ್ತಾ ಮಿಕ್ಕದ್ದನ್ನೆಲ್ಲ ಕೇಳಿಬಿಡುತ್ತಾನೆ.

ಸೀಡಿ ಬಂದು ಹೋಯಿತು. ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು, ಕಾರ್ಡಿಗೆ ಹಾಡು ತುಂಬಿಸಿಕೊಡುವ ಕೆಲಸ ಶುರುವಾಯಿತು. ಒಂದು ಕಾರ್ಡಿಗೆ ಐನೂರು ಹಾಡು. ಚೀಟಿ ಇಲ್ಲ, ಪಟ್ಟಿ ಇಲ್ಲ. "ಹೊಸಾವು ತುಂಬ್ಸಿ" ಅಷ್ಟೇ. ಉಳಿಯುವ ಜಾಗವೇ ಇಲ್ಲದ ಮೇಲೆ ನನ್ನ ಎರಡು ನಿಮಿಷವೂ ಹೋಯಿತು. ಪ್ರತಿ ಕಾರ್ಡಿನಲ್ಲೂ ‘ಮಂಜಣ್ಣನ ಆಯ್ಕೆ’ ಎಂದು ಒಂದು ಫೋಲ್ಡರ್ ಸೇರಿಸುತ್ತಿದ್ದೆ, ಹೆಚ್ಚಿನವರು ಅಳಿಸುತ್ತಿದ್ದರು.

ಆಗಲೇ ಒಂದು ಕೆಟ್ಟ ಅಭ್ಯಾಸ ಹತ್ತಿತು. ಜನ ಬಸ್ಸಿನಲ್ಲಿ, ತೋಟದಲ್ಲಿ ಫೋನಿನ ಪುಟ್ಟ ಸ್ಪೀಕರಿನಲ್ಲೇ ಹಾಡು ಕೇಳುವವರು. ಶುರುವಿನಲ್ಲಿ ಅರ್ಧ ನಿಮಿಷ ಬರೀ ವಾದ್ಯ ಇದ್ದರೆ ವಾಪಸ್ ಬರುತ್ತಿದ್ದರು, ಹಾಡೇ ಬರ್ತಿಲ್ಲ ಕಣ್ರೀ ಅಂತ. ಕಂಪ್ಯೂಟರಿನಲ್ಲಿ ಹಾಡು ಕೊಯ್ಯುವುದು ಕಲಿತಿದ್ದೆನಲ್ಲ, ಶುರುವನ್ನು ಕತ್ತರಿಸಿ ನೇರವಾಗಿ ದನಿ ಬರುವಲ್ಲಿಗೇ ತಂದು ಕೊಡತೊಡಗಿದೆ. ಮೊಬೈಲ್ ಕವರುಗಳನ್ನು ನೇತುಹಾಕಲು ಜಾಗ ಬೇಕೆಂದು ಅಂಗಡಿಯ ದೊಡ್ಡ ಬಾಕ್ಸುಗಳನ್ನೂ ಮಾರಿದೆ. ಕಂಪ್ಯೂಟರಿನ ಪಕ್ಕ ಮುಷ್ಟಿಯಷ್ಟು ದೊಡ್ಡ ಎರಡು ಸ್ಪೀಕರು ಉಳಿದವು. ಜೀವಮಾನವಿಡೀ ಹಾಡು ಮಾರಿದವನ ಅಂಗಡಿಯಲ್ಲಿ ಹಾಡು ಸರಿಯಾಗಿ ಕೇಳುವ ಒಂದು ಸಾಧನ ಇರಲಿಲ್ಲ. ಅದು ನನಗೆ ನಾಚಿಕೆ ಅನ್ನಿಸಲೂ ಇಲ್ಲ.

ಹಾಗಿದ್ದ ಕಾಲದಲ್ಲಿ ಪೂರ್ಣಿ ಬಂದಳು. ಪೂರ್ಣಿಮಾ, ಬೆಳಗೋಡಿನ ಹುಡುಗಿ. ಶಾಲೆ ಓದುವಾಗಿನಿಂದ ಗಿರಾಕಿ, ನನ್ನ ಫೋಲ್ಡರನ್ನು ಅಳಿಸದೆ ಕೇಳುತ್ತಿದ್ದ ಕೆಲವೇ ಜನರಲ್ಲಿ ಒಬ್ಬಳು. ಅವಳೂ ಇಬ್ಬರು ಗೆಳೆಯರೂ ಸೇರಿ ಒಂದು ಆಲ್ಬಮ್ ಮಾಡಿದ್ದರು. ಪೆನ್‌ಡ್ರೈವ್ ಕೌಂಟರಿನ ಮೇಲಿಟ್ಟಳು.

"ಅಣ್ಣ, ನಮ್ಮದೇ. ಯಾವ ಕಂಪನೀದೂ ಅಲ್ಲ. ನಿಮ್ ಪುಸ್ತಕದಲ್ಲಿ ಇದಾರಲ್ಲ, ಅವ್ರಿಗೆಲ್ಲ ಕೇಳ್ಸಿ. ನಂಗೆ ಕೋಲಾರದ ಕಡೆ ಸ್ಕೂಲಲ್ಲಿ ಕೆಲ್ಸ ಆಯ್ತು, ಸೋಮವಾರ ಹೊರಡ್ತೀನಿ."

"ಕೊಡು, ನೋಡ್ಕೊತೀನಿ."

"ಒಂದೇ ಮಾತು. ಹೆಂಗಿದೆಯೋ ಹಂಗೇ ಹಾಕಿ. ಏನೂ ಮುಟ್ಬೇಡಿ."

ಸರಿ ಅಂದೆ. ಯಾರಿಗಾಗಿ ಮಾಡಿದ್ದು ಎಂದು ಕೇಳಲಿಲ್ಲ. ಪ್ರತಿ ಗಿರಾಕಿಗೂ ಕೇಳುತ್ತಿದ್ದ ಪ್ರಶ್ನೆಯನ್ನು ಅವಳಿಗೆ ಕೇಳಲಿಲ್ಲ.

ಆಲ್ಬಮ್ ಬಗ್ಗೆ ಹೇಳುತ್ತೇನೆ, ಸಹನಾ ಕೇಳಿದ್ದು ಅದನ್ನೇ. ‘ಹಿಂದಿನ ಎಂಜಿನ್’ನಲ್ಲಿ ಆರು ಹಾಡಿವೆ, ನಡುವೆ ಬಿಡುವಿಲ್ಲ, ಒಂದರ ಬಾಲ ಇನ್ನೊಂದರೊಳಗೆ ಹೋಗುತ್ತದೆ. ಮೊದಲನೆಯದರಲ್ಲಿ ಗಿಟಾರಿನ ಒಂದೇ ತಂತಿ, ಒಂದೇ ಸ್ವರ, ಸಾಕಪ್ಪಾ ಅನ್ನಿಸುವವರೆಗೆ. ಸಾಕು ಅನ್ನಿಸಿದ ಮೇಲೂ ಒಂದು ನಿಮಿಷ ಇರಿ, ಆ ಸ್ವರದೊಳಗೆ ಬೇರೆ ಸ್ವರಗಳು ಕೇಳತೊಡಗುತ್ತವೆ. ಎರಡನೆಯದರಲ್ಲಿ ಡ್ರಮ್ಮಿನ ಬದಲು ಕಣದಲ್ಲಿ ಒಣಗಲು ಹರಡಿದ ಕಾಫಿ ಬೀಜ ಎಳೆಯುವ ಹಲಗೆಯ ಸದ್ದು. ನಾಲ್ಕನೆಯದು ಗಲಾಟೆ, ಅದನ್ನು ಹಗಲು ಹೊತ್ತು ಜೋರಾಗಿ ಹಾಕಬೇಕು. ಐದನೆಯದು ನನಗೆ ಇನ್ನೂ ದಕ್ಕಿಲ್ಲ, ದಕ್ಕಿಲ್ಲ ಎಂದೇ ಗಿರಾಕಿಗಳಿಗೂ ಹೇಳುತ್ತಿದ್ದೆ. ಕೊನೆಯದರಲ್ಲಿ ಪೂರ್ಣಿಯ ದನಿ ಒಂದೇ, ವಾದ್ಯವೇ ಇಲ್ಲ. ಫೋನಿನಲ್ಲಿ ಕೇಳಬೇಡಿ. ದೊಡ್ಡ ಬಾಕ್ಸು ನೆಲದ ಮೇಲಿಟ್ಟು, ಬರಿಗಾಲಲ್ಲಿ ಕೂತು ಕೇಳಿ.

ಮೂರನೆಯದೇ ಆಲ್ಬಮ್ಮಿನ ಜೀವ. ಮೊದಲ ನಾಲ್ಕು ನಿಮಿಷ ಬರೀ ಎಂಜಿನ್. ಎಡಕುಮೇರಿಯಲ್ಲಿ ಘಾಟಿ ಹತ್ತುವ ಗೂಡ್ಸ್ ಗಾಡಿಗೆ ಮುಂದೆ ಎಳೆಯುವ ಎಂಜಿನ್ನೂ ಇರುತ್ತದೆ, ಹಿಂದಿನಿಂದ ದೂಡುವ ಎಂಜಿನ್ನೂ ಇರುತ್ತದೆ. ಅಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್‌ಗಳ ಒಂದು ಗುಡಿಸಲಿನ ಗೋಡೆಗೆ ಮೈಕ್ ಅಂಟಿಸಿ ಆ ಅದುರುವಿಕೆಯನ್ನು ಹಿಡಿದಿದ್ದರು, ಅದರ ಜೊತೆಗೆ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ ಸೇರಿಸಿದ್ದರು. ಮುಂದಿನ ಎಂಜಿನ್ ಬಂದು ಹೋಗುತ್ತದೆ, ಡಬ್ಬಿಗಳು ಹೋಗುತ್ತವೆ, ಎಲ್ಲ ಮುಗಿಯಿತು ಅನ್ನುವಾಗ ಹಿಂದಿನದು ಬರುತ್ತದೆ. ಆಮೇಲೆ ಅವಳ ದನಿ. ‘ಬುತ್ತಿ ಬಿಚ್ಚು, ಇನ್ನೂ ಬಿಸಿ ಐತೆ’ ಎಂದು ಶುರುವಾಗುವ ನಾಲ್ಕು ಸಾಲು.

ನನ್ನ ಮುಷ್ಟಿಯಷ್ಟರ ಸ್ಪೀಕರಿನಲ್ಲಿ ಆ ನಾಲ್ಕು ನಿಮಿಷ ಏನೂ ಕೇಳಲಿಲ್ಲ. ಎಲ್ಲೋ ಗಾಳಿ ಬೀಸಿದಷ್ಟು, ಅಷ್ಟೇ. ಪರದೆಯ ಮೇಲೆ ಸದ್ದಿನ ಅಳತೆ ತೋರಿಸುವ ಗೆರೆ ದಪ್ಪಗೇ ಇತ್ತು, ನೋಡಿದೆ. ಅಲ್ಲಿ ಏನೋ ಇದೆ ಎಂದು ಆ ಗೆರೆ ಹೇಳುತ್ತಿತ್ತು. ಮೈಕಿಗೆ ಗಾಳಿ ಹೊಡೆದಿದೆ, ಹುಡುಗರಿಗೆ ತಿಳಿದಿಲ್ಲ, ನಾಲ್ಕು ನಿಮಿಷ ಖಾಲಿ ಸುತ್ತಿದರೆ ಯಾರು ಕೇಳುತ್ತಾರೆ ಅಂದುಕೊಂಡೆ. ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಮುಟ್ಬೇಡಿ ಅಂದದ್ದು ನೆನಪಿತ್ತು. ಕೊಯ್ದೆ. ‘ಬುತ್ತಿ ಬಿಚ್ಚು’ ಎಂಬಲ್ಲಿಂದ ಹಾಡು ಶುರುವಾಗುವ ಹಾಗೆ ಮಾಡಿ ಕಾರ್ಡುಗಳಿಗೆ ತುಂಬಿಸಿದೆ.

ಹಾಡು ಓಡಿತು. ನಾನು ಶಿಫಾರಸು ಮಾಡಿದ ಯಾವುದೂ ಅಷ್ಟು ಓಡಿರಲಿಲ್ಲ. ಆಟೋದಲ್ಲಿ ಅದು, ಕಾಫಿ ಕುಯ್ಯುವವರ ಫೋನಿನಲ್ಲಿ ಅದು, ಮದುವೆ ಮನೆಯಲ್ಲಿ ಊಟಕ್ಕೆ ಕೂತವರಿಗೆ ಅದು. ಗೆದ್ದೆ ಅಂದುಕೊಂಡು ಬೀಗಿದೆ. ಪೂರ್ಣಿ ಕೋಲಾರದಿಂದ ಫೋನ್ ಮಾಡಿದಳು.

"ಅಣ್ಣ, ಅದರ ಶುರುವಿನ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರಾ?"

"ಎಲ್ಲ ನಿನ್ನ ದನಿ ಬಗ್ಗೇನೇ ಮಾತಾಡೋದು ಕಣಮ್ಮ."

"ಶುರುನ ದಾಟಿಸ್ಕೊಂಡು ಕೇಳ್ತಾರೇನೋ" ಅಂದಳು. ನಾನು ಮಾತು ಬದಲಿಸಿದೆ.

ಅದೇ ದಿನಗಳಲ್ಲಿ ಧರ್ಮಣ್ಣ ಅಂಗಡಿಗೆ ಬಂದರು. ಪೂರ್ಣಿಯ ತಂದೆ. ಘಾಟಿಯ ರೈಲು ಹಳಿ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತರಾದವರು. ವಯಸ್ಸಾದ ಮೇಲೆ ಕಿವಿ ಪೂರ್ತಿ ಹೋಗಿತ್ತು, ಯಾಕೆಂದು ಡಾಕ್ಟರಿಗೂ ಸರಿಯಾಗಿ ತಿಳಿಯಲಿಲ್ಲವಂತೆ. ಕಿವಿ ಕೇಳದವರ ಹಾಗೆ ಎತ್ತರದ ದನಿಯಲ್ಲಿ ಮಾತಾಡಿದರು.

"ನನ್ ಮಗಳ್ದು ಒಂದು ಕಾರ್ಡ್ ಕೊಡಿ. ಲ್ಯಾಪ್‌ಟಾಪಿಂದ ಹಾಕ್ಕೊಡ್ತೀನಿ ಅಂದ್ಳು, ಬ್ಯಾಡ ಅಂದೆ. ಎಲ್ರಂಗೆ ಅಂಗಡೀಲೇ ತಗಂತೀನಿ. ಮತ್ತೆ ಒಂದು ಭಾರೀ ಬಾಕ್ಸ್ ಬೇಕು, ನೆಲ ಅದುರ್ಬೇಕು, ಅಂಥದು ಎಲ್ಲಿ ಸಿಗ್ತೈತೆ ಹೇಳಿ."

ಕಾರ್ಡು ಕೊಟ್ಟೆ, ಬಾಕ್ಸ್ ಸಿಗುವ ಅಂಗಡಿ ತೋರಿಸಿದೆ. ಅವರು ಹೋದ ಮೇಲೆ ಕೌಂಟರಿನ ಹತ್ತಿರ ನಿಂತಿದ್ದ ಗಿರಾಕಿಯೊಬ್ಬನ ಜೊತೆ ಸೇರಿ ನಕ್ಕೆ ಕೂಡ. ಕಿವಿ ಕೇಳದ ಮನುಷ್ಯನಿಗೆ ನೆಲ ಅದುರುವ ಬಾಕ್ಸಂತೆ ಅಂದೆ. ಆ ನಗು ನೆನಪಾದರೆ ನನಗೆ ನನ್ನ ಮೇಲೇ ಅಸಹ್ಯ ಹುಟ್ಟುತ್ತದೆ.

ದೀಪಾವಳಿ ವಾರದಲ್ಲಿ ನಂಜೇಗೌಡರು ಫೋನ್ ಮಾಡಿದರು. ಬೆಳಗೋಡಿನ ಹತ್ತಿರ ಎಸ್ಟೇಟ್ ಇರುವವರು, ನನ್ನ ಪುಸ್ತಕದಲ್ಲಿ ಹಳೇ ಹೆಸರು. ಹಜಾರದಲ್ಲಿ ಆಳೆತ್ತರದ ಎರಡು ಬಾಕ್ಸ್ ಇಟ್ಟುಕೊಂಡಿದ್ದರು.

"ಮೂರನೇ ಹಾಡು ಬಾಗ್ಲು ಒದ್ದು ಒಳಗೆ ಬಂದಂಗೆ ಶುರುವಾಗ್ತದಲ್ಲ ಮಂಜಣ್ಣ. ಎರಡನೇದರ ಕೊನೇಲಿ ಗುಂಯ್ ಅಂತ ಏನೋ ಎದ್ದು ಅಲ್ಲೇ ಕಟ್ ಆಗ್ತೈತೆ. ನಡುವೆ ಏನೋ ಬಿಟ್ಟುಹೋಗೈತೆ ನೋಡು. ಅಸಲಿದ್ದರೆ ತಗೊಂಡು ಬಾ."

ಪೆನ್‌ಡ್ರೈವ್ ತೆಗೆದುಕೊಂಡು ಹೋದೆ. ಅವರ ಬಾಕ್ಸಿಗೆ ಹಾಕಿದೆವು. ಟೀಪಾಯಿಯ ಮೇಲಿದ್ದ ಕಪ್ಪುಬಸಿಗಳು ಟಣಟಣ ಅಂದವು. ಕಿಟಕಿಯ ಗಾಜು ಅದುರಿತು. ನೆಲದಿಂದ ನನ್ನ ಕಾಲಿಗೆ, ಕಾಲಿನಿಂದ ಎದೆಗೆ ಬಂತು. ಹಿಂದಿನ ಎಂಜಿನ್ ಬಂದಾಗ ನಾನು ಕುರ್ಚಿಯ ಕೈ ಹಿಡಿದುಕೊಂಡಿದ್ದೆ.

"ಇದನ್ನ ಕೊಯ್ದಿದ್ದು ಯಾರಯ್ಯಾ?"

"ಕಂಪ್ಯೂಟರಿಂದ ಏನೋ ಎಡವಟ್ಟಾಗೈತೆ ಗೌಡ್ರೇ" ಎಂದು ಸುಳ್ಳು ಹೇಳಿದೆ.

"ಸರಿಮಾಡಿ ಮೊದ್ಲು ಧರ್ಮಣ್ಣಂಗೆ ಕೊಡು. ಇದು ಅವ್ನಿಗೆ ಅಂತ್ಲೇ ಮಾಡಿದ್ದು. ಕಾಫಿ ಹಣ್ಣು ಸುಲಿಯೋ ನಮ್ ಹಳೇ ಪಲ್ಪರ್ ಮನೇಲೇ ಅಲ್ವಾ ಹುಡುಗ್ರು ರೆಕಾರ್ಡ್ ಮಾಡಿದ್ದು, ನಾನೇ ನೋಡಿದೀನಿ. ಅವನು ಬಾಕ್ಸ್ ಮೇಲೆ ಅಂಗೈ ಇಟ್ಕೊಂಡು ಕೂತಿರೋನು. ಕಿವಿ ಹೋದ್ರೂ ಗಾಡಿ ಬಂದ್ರೆ ಅವನ ಕೈಗೆ ತಿಳೀತದೆ. ಹಿಂದಿನದು ಬೇಗ ಬಂತು, ಇನ್ನೂ ತಡ ಆಗ್ಬೇಕು ಅಂತ ಹೇಳಿ ಮೂರು ಸಲ ಮಾಡಿಸಿದ. ಸರಿಯಾದಾಗ ಕಣ್ಣಲ್ಲಿ ನೀರು ಹಾಕ್ಕೊಂಡ ಕಣಯ್ಯ."

ಅಂದು ಅಲ್ಲಿಂದ ಹೊರಟು ಸೀದಾ ಧರ್ಮಣ್ಣನ ಮನೆಗೆ ಹೋಗಬಹುದಿತ್ತು. ಎರಡು ಮೈಲಿ ದಾರಿ. ನಾನು ಬಸ್ಸು ಹತ್ತಿ ಸಕಲೇಶಪುರಕ್ಕೆ ಬಂದೆ.

ಕೊಯ್ದದ್ದು ನನ್ನ ತಿಳಿಗೇಡಿತನ, ಅದನ್ನು ಕ್ಷಮಿಸಬಹುದೇನೋ. ಆಮೇಲೆ ಮಾಡಿದ್ದನ್ನು ನಾನೇ ಕ್ಷಮಿಸಿಕೊಂಡಿಲ್ಲ. ಹೊಸ ಕಾರ್ಡುಗಳಿಗೆ ಸದ್ದಿಲ್ಲದೆ ಪೂರ್ತಿ ಹಾಡು ತುಂಬಿಸತೊಡಗಿದೆ. ಹಳೇ ಕಾರ್ಡು ಕೊಂಡವರಿಗೆ ಹೇಳಲಿಲ್ಲ. ಹೇಳಿದರೆ ಮಂಜಣ್ಣ ಎಡವಿದ ಎಂದು ಊರೆಲ್ಲ ಆಗುತ್ತದೆ. ಧರ್ಮಣ್ಣನಿಗೆ ಮಗಳೇ ಅಸಲು ಕೊಟ್ಟಿರುತ್ತಾಳೆ ಬಿಡು ಎಂದು ಸಮಾಧಾನ ಮಾಡಿಕೊಂಡೆ. ಬೇಡ ಅಂದೆ ಎಂದು ಅವರೇ ನನ್ನ ಮುಂದೆ ಹೇಳಿದ್ದರು, ಅದನ್ನು ಮರೆತವನ ಹಾಗೆ ಇದ್ದೆ. ಸಂಕ್ರಾಂತಿ ಕಳೆಯಲಿ ಅಂದೆ, ಕಾಫಿ ಕುಯ್ಲು ಮುಗಿಯಲಿ ಅಂದೆ, ಮಳೆ ನಿಲ್ಲಲಿ ಅಂದೆ.

ಮುಂದಿನ ದಸರಾ ರಜೆಗೆ ಪೂರ್ಣಿ ಬಂದಳು. ಅಂಗಡಿಗೆ ಬಂದು ಖುಷಿಯಿಂದಲೇ ಮಾತಾಡಿದಳು.

"ಅಪ್ಪ ದಿನಾ ಸಂಜೆ ಬಾಕ್ಸ್ ಮುಂದೆ ಕೂರ್ತಾರಂತೆ ಅಣ್ಣ, ಅಮ್ಮ ಹೇಳಿದ್ರು. ನಾನು ಹೋದಾಗ್ಲೂ ಕೂತ್ಕೊಂಡು ತೋರಿಸ್ತಾರೆ. ಹಿಂದಿನ ಎಂಜಿನ್ ಸರಿಯಾಗಿ ತಿಳೀತಾ ಅಂತ ಬರ್ದು ಕೇಳಿದ್ರೆ ತಲೆ ಆಡಿಸ್ತಾರೆ."

"ನೀನೂ ಜೊತೇಲಿ ಕೂತು ಕೇಳಿದ್ಯಾ?"

"ಇಲ್ಲ, ನಂಗೆ ನಾಚ್ಕೆ. ಅವ್ರು ಹಾಕ್ದಾಗ ಎದ್ದು ಹೊರಗೆ ಹೋಗ್ಬುಡ್ತೀನಿ."

ಆ ಕಾರ್ಡಿನಲ್ಲಿ ಹಿಂದಿನ ಎಂಜಿನ್ ಇರಲೇ ಇಲ್ಲ. ಒಂದು ವರ್ಷ ಆ ಮನುಷ್ಯ ಬರದಿದ್ದದ್ದನ್ನು ಬಂತು ಎಂದು ಮಗಳಿಗಾಗಿ ತಲೆ ಆಡಿಸಿದ್ದರು. ಅವಳ ಎದುರಿಗೆ ಆಗಲೂ ನಿಜ ಹೇಳಲಿಲ್ಲ. ಆಮೇಲೆ ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. "ಮುಟ್ಬೇಡಿ ಅಂದಿದ್ನಲ್ಲ ಅಣ್ಣ" ಅಂದಳು, ಫೋನ್ ಇಟ್ಟಳು. ಮತ್ತೆ ಅಂಗಡಿಗೆ ಬರಲಿಲ್ಲ, ಮತ್ತೆ ಹಾಡು ಮಾಡಿದ್ದೂ ನನಗೆ ತಿಳಿದು ಬಂದಿಲ್ಲ.

ಆ ಫೋನಿಗೂ ಮೊದಲು, ಅವಳು ರಜೆ ಮುಗಿಸಿ ಹೊರಟ ಮಾರನೇ ಬೆಳಿಗ್ಗೆಯೇ ನಾನು ಬೆಳಗೋಡಿನ ಬಸ್ಸು ಹತ್ತಿದ್ದೆ, ಪೂರ್ತಿ ಹಾಡು ತುಂಬಿಸಿದ ಕಾರ್ಡು ಜೇಬಿನಲ್ಲಿತ್ತು. ಧರ್ಮಣ್ಣ ಜಗಲಿಯಲ್ಲಿ ಕೂತಿದ್ದರು, ಬಾಕ್ಸ್ ಪಕ್ಕದಲ್ಲೇ ಇತ್ತು. ಅವರ ಹೆಂಡತಿ ನನ್ನನ್ನೂ ಅಲ್ಲೇ ಕೂರಿಸಿದರು. ಕಾಫಿ ತಂದು ನನ್ನ ಕೈಗೆ ಒಂದು ಲೋಟ ಕೊಟ್ಟರು. ಗಂಡನ ಲೋಟವನ್ನು ಮಾತ್ರ ತಾವೇ ಹಿಡಿದು ಕುಡಿಸಿದರು.

"ಸಕ್ಕರೆ ಕಾಯ್ಲೆ ಕಣ್ರೀ. ಮೊದ್ಲು ಕಾಲು ಜೋಮು ಹಿಡೀತು, ಈ ಬ್ಯಾಸ್ಗೇಲಿ ಕೈಗೂ ಬಂತು. ಬಿಸಿನೂ ತಿಳಿಯಾಕಿಲ್ಲ, ಹಿಡಿದಿದ್ದು ಜಾರಿ ಹೋಗ್ತದೆ. ಮಗೂಗೆ ಹೇಳ್ಬ್ಯಾಡ ಅಂದಿದಾರೆ" ಅಂದರು.

ಅವರೊಡನೆ ಮಾತಾಡಲು ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದರು. ‘ಸರಿಮಾಡಿದ ಹಾಡು ತಂದಿದ್ದೇನೆ’ ಎಂದು ಬರೆದು ತೋರಿಸಿದೆ. ಹಳೇ ಕಾರ್ಡು ತೆಗೆದು ಹೊಸದನ್ನು ಹಾಕಿದೆ. ಧರ್ಮಣ್ಣ ಎರಡೂ ಅಂಗೈಗಳನ್ನು ಬಾಕ್ಸಿನ ಮೇಲಿಟ್ಟರು, ಕಣ್ಣು ಮುಚ್ಚಿದರು. ಮೂರನೇ ಹಾಡು ಯಾವುದೆಂದು ಗುಂಡಿ ಒತ್ತಿ ಹುಡುಕುತ್ತಿದ್ದೆ.

"ಚೆನ್ನಾಗೈತೆ" ಅಂದರು ಧರ್ಮಣ್ಣ. "ಭಾಳ ಚೆನ್ನಾಗೈತೆ. ಪೂರ್ಣಿಗೆ ಹೇಳಿ."

ನಾನಿನ್ನೂ ಹಾಡು ಶುರುಮಾಡಿರಲಿಲ್ಲ.

ಆಮೇಲೆ ಹಾಕಿದೆ. ಜಗಲಿಯ ಹಲಗೆ ಅದುರಿತು, ಅವರ ಹೆಂಡತಿ ಬೆಚ್ಚಿ ಗೋಡೆ ಹಿಡಿದುಕೊಂಡರು. ಧರ್ಮಣ್ಣ ಅದೇ ಮುಖದಲ್ಲಿ ತಲೆ ಆಡಿಸುತ್ತಾ ಕೂತಿದ್ದರು. ಹಿಂದಿನ ಎಂಜಿನ್ ಬಂದು ಹೋಯಿತು. ಅವರ ಬೆರಳು ಕದಲಲಿಲ್ಲ.

ನಿ‌ಲ್ಲಿಸಿದೆ. ನೋಟ್‌ಬುಕ್ ಎಳೆದುಕೊಂಡು ಎಲ್ಲವನ್ನೂ ಬರೆದೆ. ನಿಮ್ಮ ಕಾರ್ಡಿನಲ್ಲಿ ಎಂಜಿನ್ ಇರಲಿಲ್ಲ, ನಾನು ಕೊಯ್ದಿದ್ದೆ, ತಪ್ಪು ನನ್ನದು ಎಂದು ಬರೆದು ಅವರ ಮುಂದೆ ಹಿಡಿದೆ. ಅವರು ತುಟಿ ಆಡಿಸುತ್ತಾ ನಿಧಾನಕ್ಕೆ ಓದಿದರು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

"ಹಂಗಾರೆ ಅವತ್ತು ಕಾರ್ಡ್ ತಂದ ದಿನ ನನ್ ಕೈ ಸರಿಯಾಗೇ ಇತ್ತಾ?"

ಹೌದು ಎಂದು ತಲೆ ಆಡಿಸಿದೆ.

"ಎಂಜಿನ್ ತಿಳೀದಿದ್ದಕ್ಕೆ ನಾನು ಕೈಯೂ ಹೋಗ್ಬುಡ್ತು ಅಂದ್ಕೊಂಡೆ. ಆಮ್ಯಾಕೆ ಯಾವ್ದನ್ನೂ ಮುಟ್ಟಿ ನೋಡಾಕೆ ಹೋಗ್ಲಿಲ್ಲ. ಗಾಡಿ ನೋಡಾಕೂ ಹೋಗ್ಲಿಲ್ಲ." ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿ ಕೇಳಿದರು, "ಕೊಯ್ದಿರೋದು ತಪ್ಪಾಗೈತೆ ಅಂತ ನಿಮ್ಗೆ ಯಾವಾಗ ತಿಳೀತು?"

ಸುಳ್ಳು ಬರೆಯಬಹುದಿತ್ತು. ನಿನ್ನೆ ಎಂದು ಬರೆದಿದ್ದರೆ ಅವರು ನಂಬುತ್ತಿದ್ದರು. ‘ಹೋದ ದೀಪಾವಳಿ’ ಎಂದು ಬರೆದೆ.

ಧರ್ಮಣ್ಣ ಆ ಎರಡು ಪದ ನೋಡಿದರು. ಬೈಯಲಿಲ್ಲ. ಹೆಂಡತಿ ಹಾಕಿಕೊಟ್ಟಿದ್ದ ಅಂಗಿಯ ಗುಂಡಿಗಳ ಮೇಲೆ ಕೈ ಆಡಿಸುತ್ತಾ ತಮ್ಮ ಎತ್ತರದ ದನಿಯಲ್ಲಿ ಹೇಳಿದರು, "ದೀಪಾವಳೀಲಿ ಗುಂಡಿ ನಾನೇ ಹಾಕ್ಕೊತಿದ್ದೆ ಕಣ್ರೀ."